ಎರಡು ಚಮಚ ಮೊಸರು

ಕೋಡಿಹಳ್ಳಿಯ ಬೈರಮ್ಮನ ಬಾಯಿಗೆ ಹೆದರದವರು ಆ ಕೇರಿಯಲ್ಲಿ ಯಾರೂ ಇರಲಿಲ್ಲ. ರೇಷ್ಮೆ ಹುಳು ಜ್ವರಕ್ಕೆ ಕೂತು, ಮೇವು ಬಿಟ್ಟು, ಪೊರೆ ಕಳಚುವ ಹೊತ್ತಿನಲ್ಲಿ ಯಾರಾದರೂ ಮರೆತು ಒಂದೆಲೆ ಹಾಕಿದರೂ ಮುಗಿಯಿತು, ಸಂಜೆವರೆಗೂ ಬೈಗುಳ. ಹುಳು ಎದ್ದ ಮೇಲೆ ಮೊದಲ ಸೊಪ್ಪು ಹಾಕುವ ಕೈಯೂ ಅವಳದೇ. ಸೊಸೆ ಲತಾಮಣಿ ಬಂದು ಏಳು ವರ್ಷವಾದರೂ ಆ ಅಧಿಕಾರ ಅವಳಿಗೆ ಸಿಕ್ಕಿರಲಿಲ್ಲ.

ಇಂಥ ಬೈರಮ್ಮ ಬೆಂಗಳೂರಿನ ಆಸ್ಪತ್ರೆಯಲ್ಲಿ ಮಾಡಿದ ಕೆಲಸ ನೋಡಿ! ಐದು ವರ್ಷದ ಮೊಮ್ಮಗಳು ಪುಟ್ಟಿಯ ಹೃದಯದಲ್ಲಿ ತೂತು. ಬೆಳಿಗ್ಗೆ ಎಂಟಕ್ಕೆ ಆಪರೇಷನ್. ಊಟ ತಿಂಡಿ ಏನೂ ಕೊಡಬೇಡಿ ಎಂದು ನರ್ಸ್ ಹೇಳಿದ್ದು ಅವಳಿಗೂ ಕೇಳಿಸಿತ್ತು. ಆದರೆ ಮೊಸರು ಸಕ್ಕರೆ ಊಟವೇ? ಅದು ಶಾಸ್ತ್ರ! ಪರೀಕ್ಷೆಗೆ ಹೊರಟವರನ್ನೂ ಬಾಯಿಗೆ ಅಷ್ಟು ಹಾಕದೆ ಕಳಿಸಿದ ಮನೆಯಲ್ಲ ಅದು. ಮಗ ನಟರಾಜು, ಸೊಸೆ ಇಬ್ಬರೂ ಸಹಿ ಹಾಕಲು ಹೋದದ್ದೇ ತಡ, ಸೆರಗಿನ ಮರೆಯಲ್ಲಿ ಡಬ್ಬಿ ತೆರೆದು ಎರಡು ಚಮಚ ತಿನ್ನಿಸಿಯೇಬಿಟ್ಟಳು.

"ನಿಮ್ಮವ್ವಂಗೆ ಯೋಳ್ಬ್ಯಾಡ ಕಣವ್ವ," ಎಂದು ಮಗುವಿನ ಬಾಯಿ ಒರೆಸಿದಳು.

ಮಗ, ಸೊಸೆ ವಾಪಸು ಬಂದ ಸ್ವಲ್ಪ ಹೊತ್ತಿಗೆ ನರ್ಸ್ ಧನಲಕ್ಷ್ಮಿ ಸ್ಟ್ರೆಚರ್ ತಂದಳು. "ಮಗೂಗೆ ಏನೂ ಕೊಟ್ಟಿಲ್ಲ ತಾನೇ?"

"ಒಂದು ತೊಟ್ಟು ನೀರೂ ಕೊಟ್ಟಿಲ್ಲ," ಎಂದಳು ಲತಾಮಣಿ.

"ಕೊಟ್ರೆ ಏನಾಯ್ತದವ್ವ?" ಬೈರಮ್ಮ ಮೆಲ್ಲಗೆ ಕೇಳಿದಳು.

"ಪ್ರಜ್ಞೆ ತಪ್ಪಿಸಿದಾಗ ಹೊಟ್ಟೇಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ ಅಜ್ಜಿ."

ಅಯ್ಯೋ ಶಿವನೇ! ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬಾರದೆಂದು ಊರಿಗೆಲ್ಲ ಬುದ್ಧಿ ಹೇಳುವ ತಾನೇ ಇದನ್ನು ಮಾಡುವುದೇ? ಹೇಳಿದರೆ ಸೊಸೆಯ ಮುಖ ನೋಡುವುದು ಹೇಗೆ? ಈ ದಿನಕ್ಕಾಗಿ ಅವಳು ಮೂರು ತಿಂಗಳು ಕಾದಿದ್ದಳು. ಸ್ಟ್ರೆಚರ್ ಲಿಫ್ಟಿನ ಬಾಗಿಲು ಮುಟ್ಟಿತು. ಬೈರಮ್ಮ ಎದ್ದುಬಿದ್ದು ಓಡಿ ಅದರ ಕಂಬಿ ಹಿಡಿದಳು.

"ನಿಲ್ಸ್ರವ್ವಾ! ನಾನು ಪಾಪಿ, ಮಗೀಗೆ ಮೊಸ್ರು ತಿನ್ನಿಸ್ಬುಟ್ಟಿವ್ನಿ!"

"ನಿಮ್ಗೇನ್ ಬುದ್ಧಿಗಿದ್ಧಿ ಐತಾ ಅತ್ತೆ?" ಎಂದ ಲತಾಮಣಿ ಅಲ್ಲೇ ಕುಸಿದು ಅಳತೊಡಗಿದಳು.

ಡಾಕ್ಟರು ಬಂದು ಕೇಳಿಸಿಕೊಂಡರು. "ಅಜ್ಜೀನ ಬೈಬೇಡಿ. ಹೆದರಿಕೊಂಡು ಸುಮ್ಮನಿದ್ದಿದ್ರೆ ಮಗು ನಮ್ಮ ಕೈ ತಪ್ಪಿ ಹೋಗಬಹುದಿತ್ತು. ನಾಳೆ ಮಾಡೋಣ."

ಆ ದಿನವೆಲ್ಲ ಸೊಸೆ ಅತ್ತೆಯ ಜೊತೆ ಮಾತಾಡಲಿಲ್ಲ. ಬೈರಮ್ಮ ಡಬ್ಬಿ ತೊಳೆದು ಚೀಲದ ತಳಕ್ಕೆ ಹಾಕಿ, ತಾನೂ ಏನೂ ತಿನ್ನದೆ ಕೂತಳು.

ಮರುದಿನ ನಾಲ್ಕು ಗಂಟೆ ಕಾಲ ಆಪರೇಷನ್ ನಡೆಯಿತು. "ತೂತು ಮುಚ್ಚಿದ್ದೀವಿ, ಚೆನ್ನಾಗಿದ್ದಾಳೆ," ಎಂದು ಡಾಕ್ಟರು ಹೇಳಿದ್ದೇ ತಡ, ನಟರಾಜು ಅವ್ವನನ್ನು ತಬ್ಬಿಕೊಂಡು ಚಿಕ್ಕ ಹುಡುಗನ ಹಾಗೆ ಅತ್ತ. ಎಲ್ಲರಿಗೂ ಹೋದ ಜೀವ ಬಂದಂತಾಯಿತು.

ಮೂರನೇ ದಿನ ವಾರ್ಡಿಗೆ ಬಂದ ಪುಟ್ಟಿ ಕಣ್ಣು ಬಿಟ್ಟು ಕೇಳಿದ ಮೊದಲ ಮಾತೇ, "ಅಜ್ಜೀ, ಮೊಸ್ರು."

"ಈಗ ಕೊಡಬಹುದು, ಒಂದೊಂದೇ ಚಮಚ," ಎಂದು ಧನಲಕ್ಷ್ಮಿ ನಗುತ್ತಾ ಬಟ್ಟಲು ತಂದಿಟ್ಟಳು.

ಬೈರಮ್ಮ ಎರಡೂ ಕೈ ಸೆರಗಿನಲ್ಲಿ ಮುಚ್ಚಿಕೊಂಡು ಹಿಂದೆ ಸರಿದಳು. "ನೀನೇ ಕೊಡವ್ವ ಲತಾ. ನನ್ ಕೈ ಬ್ಯಾಡ."

ಲತಾಮಣಿ ಆ ಕೈ ಹುಡುಕಿ ಹೊರಗೆಳೆದು ಚಮಚ ಹಿಡಿಸಿದಳು. "ಜ್ವರದಿಂದ ಎದ್ದ ಹುಳಕ್ಕೆ ಮೊದ್ಲ ಸೊಪ್ಪು ಯಾವತ್ತೂ ನಿಮ್ ಕೈದೇ ಅಲ್ವಾ ಅತ್ತೆ? ಕೊಡಿ, ಹಸ್ಕೊಂಡವ್ಳೆ."