ಶೆಡ್ಡಿನ ಹೊರಗೆ ಬಿಟ್ಟ ಬೂಟು

ನಂಜನಗೂಡಿನ ಫ್ಯಾಕ್ಟರಿ ಬಾಗಿಲು ಹಾಕಿದ ಮೇಲೆ ಸೋಸಲೆಯ ಹೊಳೆದಂಡೆಯಲ್ಲಿ ಪಂಪ್‌ಸೆಟ್ಟುಗಳ ಕೇಬಲ್ ಕಳುವಾಗತೊಡಗಿತು. ಎರಡಕ್ಕೂ ನಂಟುಂಟೇ ಎಂದು ಟೀ ಅಂಗಡಿಯಲ್ಲಿ ಮಾತು ಬಂದಾಗಲೆಲ್ಲ ಚಿಕ್ಕಸ್ವಾಮಿ ಉರಿದುಬೀಳುತ್ತಿದ್ದ.

"ಕೆಲ್ಸ ಓಯ್ತು ಅಂತ ಮಾನವಂತ ಕಳ್ಳ ಆಯ್ತಾನೇನ್ಲಾ? ನಮ್ಮಳಿಯಂದ್ರ ಕೆಲ್ಸಾನೂ ಓಯ್ತು. ಅವ್ರು ಕದಿಯಾಕೆ ಓಗವ್ರಾ? ಕಳ್ತನ ರಕ್ತದಲ್ಲಿರ್ಬೇಕು ಕಣ್ಲಾ!"

ಯಾರೂ ಎದುರಾಡುತ್ತಿರಲಿಲ್ಲ. ಊರಲ್ಲಿ ಗಂಟಲು ದೊಡ್ಡದಿದ್ದವನ ಮಾತೇ ನ್ಯಾಯ.

ಅಳಿಯ ಮಹಾದೇವಸ್ವಾಮಿಯ ಮೇಲೆ ಅವನಿಗೆ ನಿಜಕ್ಕೂ ಅಕ್ಕರೆ. ಕೆಲಸ ಹೋದ ಮೇಲೆ ಹೆಂಡತಿ ಸುನೀತಾಳೊಂದಿಗೆ ಮಾವನ ಮನೆಗೇ ಬಂದು ಸೇರಿದ್ದ ಆತ, ಉಣ್ಣುವಾಗ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಎಲ್ಲಿಗೆ ಹೋಗುವುದಿದ್ದರೂ ಫ್ಯಾಕ್ಟರಿ ಕೊಟ್ಟಿದ್ದ ದಪ್ಪ ಬೂಟೇ. ಎಡಗಾಲಿನದು ಬಾಯಿ ಬಿಟ್ಟಾಗ ಚಿಕ್ಕಸ್ವಾಮಿಯೇ ನರಸೀಪುರಕ್ಕೆ ಒಯ್ದು ಕೆಂಪು ದಾರದಲ್ಲಿ ಹೊಲಿಸಿ ತಂದಿದ್ದ.

ಒಂದು ಬೆಳಗ್ಗೆ ಊರಲ್ಲಿ ಗುಲ್ಲೆದ್ದಿತು. ಚಿಕ್ಕಸ್ವಾಮಿಯ ಪಂಪ್ ಶೆಡ್ಡಿನ ಬೀಗ ಒಡೆದಿದೆ, ಕಳ್ಳ ಸಿಕ್ಕಿದ್ದಾನೆ! ಸಿಕ್ಕವನು ಗುಜರಿ ಆಯುವ ಜವರಯ್ಯ. ಹೊಳೆದಂಡೆಯಲ್ಲಿ ಬಾಟಲಿ ಆಯುತ್ತಿದ್ದವನನ್ನು ಹಿಡಿದು ಅರಳಿಕಟ್ಟೆಯ ಪಕ್ಕದ ಕಂಬಕ್ಕೆ ಕಟ್ಟಿದ್ದರು. ಅವನ ಚೀಲದಲ್ಲಿ ಬಾಟಲಿ, ತುಕ್ಕು ತಗಡು ಬಿಟ್ಟರೆ ಕೇಬಲಿನ ಒಂದು ತುಂಡೂ ಇರಲಿಲ್ಲ. ಅದು ಯಾರಿಗೆ ಬೇಕಿತ್ತು?

ಏನೇನು ಹೋಗಿದೆ ನೋಡೋಣವೆಂದು ಚಿಕ್ಕಸ್ವಾಮಿ ಒಬ್ಬನೇ ಶೆಡ್ಡಿಗೆ ಹೋದ. ಆ ಶೆಡ್ಡಿಗೊಂದು ಕಟ್ಟಳೆಯಿತ್ತು. ಮೋಟರಿನ ಪಕ್ಕ ಅವನಪ್ಪ ಇಟ್ಟ ಮಾದಪ್ಪನ ಪಟ. ಸ್ವಿಚ್ ಹಾಕಲು ಬಂದವರೂ ಕಾಲಲ್ಲಿದ್ದುದನ್ನು ಹೊಸ್ತಿಲಾಚೆ ಬಿಟ್ಟೇ ಒಳಗೆ ಬರಬೇಕು. ಅಳಿಯನಿಗೂ ಅದನ್ನು ಅವನೇ ಹೇಳಿಕೊಟ್ಟಿದ್ದ.

ಹೊಸ್ತಿಲಾಚೆ, ತೆರೆದ ಕದದ ಮರೆಯಲ್ಲಿ ಒಂದು ಜೊತೆ ಬೂಟು ಒಪ್ಪವಾಗಿ ಕುಳಿತಿತ್ತು. ಎಡಗಾಲಿನದರಲ್ಲಿ ಕೆಂಪು ದಾರದ ಹೊಲಿಗೆ.

ಚಿಕ್ಕಸ್ವಾಮಿ ಬಗ್ಗಿ ಆ ಹೊಲಿಗೆಯನ್ನು ಮುಟ್ಟಿ ನೋಡಿದ. ಕದಿಯಲು ಬಂದವನು ದೇವರಿಗೆ ಅಂಜಿ ಬೂಟು ಬಿಟ್ಟು ಒಳಗೆ ಹೋಗಿದ್ದಾನೆ. ಜನರ ಕೂಗು ಕೇಳಿ ಹಿಂದಿನ ಕಿಟಕಿಯಿಂದ ಹಾರಿದ್ದಾನೆ. ಅಯ್ಯೋ ಮಾದಪ್ಪಾ, ಬೇರೆ ಯಾವ ಕಳ್ಳನಾಗಿದ್ದರೂ ಹಾಗೇ ನುಗ್ಗಿರುತ್ತಿದ್ದ! ಬೂಟನ್ನು ಗೋಣಿಗೆ ತುರುಕಿ, ಕಲ್ಲು ಸೇರಿಸಿ ಕಟ್ಟಿ ಕಾವೇರಿಯ ಮಡುವಿಗೆ ಎಸೆದ.

ಅರಳಿಕಟ್ಟೆಯ ಹತ್ತಿರ ಬಂದಾಗ ಊರ ಯಜಮಾನ ಗುರುಮಲ್ಲಪ್ಪ ದೊಣ್ಣೆ ಹಿಡಿದು ನಿಂತಿದ್ದ. "ನಿನ್ ಮೋಟ್ರು, ನೀನೇ ಯೋಳು ಚಿಕ್ಕಸ್ವಾಮಿ. ಇವ್ನೇನಾ?"

"ಮಾದಪ್ಪನಾಣೆ ಸ್ವಾಮಿ, ನಾನು ಒಳೀಕೆ ಕಾಲಿಟ್ಟಿಲ್ಲ," ಎಂದ ಜವರಯ್ಯ. ತುಟಿ ಒಡೆದು ರಕ್ತ ಸೋರುತ್ತಿತ್ತು. ಕಾಲಲ್ಲಿ ಸವೆದ ಹವಾಯಿ ಚಪ್ಪಲಿ ಹಾಗೇ ಇತ್ತು.

ಚಿಕ್ಕಸ್ವಾಮಿ ಆ ಚಪ್ಪಲಿಯನ್ನು ನೋಡಿದ. ಸುನೀತಾಳ ಕೊರಳಿನ ತಾಳಿ ಕಣ್ಣಮುಂದೆ ಬಂತು.

"ಇವ್ನೇ," ಎಂದ.

ಆಮೇಲೆ ಕಿವಿಗೆ ಬಿದ್ದ ಜವರಯ್ಯನ ಕೂಗು ಮನೆಯ ತಿರುವಿನವರೆಗೂ ಅವನ ಬೆನ್ನು ಬಿಡಲಿಲ್ಲ.

ಜಗುಲಿಯ ಮೇಲೆ ಸುನೀತಾ ಗಂಡನ ಅಂಗಾಲಿನಿಂದ ಜಾಲಿಮುಳ್ಳು ಕೀಳುತ್ತಿದ್ದಳು. ಮಾವನನ್ನು ಕಂಡು ಮಹಾದೇವಸ್ವಾಮಿ ಎದ್ದು ನಿಂತ.

"ಕಳ್ಳ ಸಿಕ್ದ," ಎಂದ ಚಿಕ್ಕಸ್ವಾಮಿ. "ಜವರಯ್ಯ."

ಅಳಿಯ ಕುಂಟುತ್ತ ಮುಂದೆ ಬಂದ. "ಅವ್ನಲ್ಲ ಮಾವ... ನಾನು..."

"ಸಿಕ್ದ ಅಂದ್ನಲ್ಲ! ಕೂತ್ಕಳಿ. ಮುಳ್ಳು ತೆಗಿಸ್ಕಳಿ."

ಜವರಯ್ಯನ ಬಲಗೈ ಮತ್ತೆ ಸರಿಹೋಗಲಿಲ್ಲ. ಹೊಳೆದಂಡೆಯಲ್ಲಿ ಈಗ ಅವನ ಹೆಂಡತಿ ಬಾಟಲಿ ಆಯುತ್ತಾಳೆ. ಟೀ ಅಂಗಡಿಯಲ್ಲಿ ಕಳ್ಳತನದ ಮಾತೆತ್ತಿದರೆ ಚಿಕ್ಕಸ್ವಾಮಿ ಲೋಟ ಕೆಳಗಿಟ್ಟು ಎದ್ದುಬಿಡುತ್ತಾನೆ. ಮೋಟರ್ ಹಾಕಲು ಹೋದಾಗ ಚಪ್ಪಲಿ ಬಿಡುವುದಿಲ್ಲ. ಯಾರಾದರೂ ಯಾಕೆಂದು ಕೇಳಿದರೆ, ಒಳಗೆ ಚೇಳಿದೆ ಅನ್ನುತ್ತಾನೆ.