ಹದಿನೈದು ನಿಮಿಷದ ಸ್ಟೂಲು

ನಾನು ಒಂದು ಕಬ್ಬಿಣದ ಸ್ಟೂಲು. ಇದು ನನ್ನ ಎರಡನೆಯ ಜನ್ಮ. ಮೊದಲ ಜನ್ಮದಲ್ಲಿ ಇದೇ ತಾಲ್ಲೂಕು ಆಸ್ಪತ್ರೆಯ ಮಂಚವಾಗಿದ್ದೆ. ಮಂಚ ಮುರಿದ ಮೇಲೆ ವೆಲ್ಡಿಂಗ್ ಅಂಗಡಿಯ ಮೌಲಾಸಾಬರು ಅದರ ಪೈಪು ಕೊಯ್ದು ನಾಲ್ಕು ಕಾಲು ಮಾಡಿ, ಮೇಲೊಂದು ದುಂಡು ತಗಡು ಕೂಡಿಸಿ, ಬಿಳಿ ಬಣ್ಣ ಬಳಿದರು. ಬಣ್ಣ ಒಣಗಿದಾಗ ಮೊದಲು ಕೂತವರೂ ಅವರೇ. "ಇನ್ನ ಮ್ಯಾಲೆ ಕುಂತವರ ಭಾರ ಹೊರೂದ ನಿನ್ನ ನಮಾಜು ನೋಡಪಾ," ಎಂದು ತಟ್ಟಿ ಕಳಿಸಿದರು. ಆ ಮಾತನ್ನು ಉಪದೇಶವೆಂದೇ ಇಟ್ಟುಕೊಂಡಿದ್ದೇನೆ.

ಹೆರಿಗೆ ವಾರ್ಡಿಗೆ ಬಂದೆ. ಕೆಳಗಿನಿಂದ ನೋಡುವ ನನ್ನಂಥವರಿಗೆ ಜನರ ಮುಖಕ್ಕಿಂತ ಮೊದಲು ಕಾಲಿನ ಪರಿಚಯ. ಬಾಣಂತಿಯರ ಕಾಲುಂಗುರ, ಅತ್ತೆಯರ ಒಡೆದ ಹಿಮ್ಮಡಿ, ಡಾಕ್ಟರರ ಬೂಟು ಎಲ್ಲವೂ ಬಂದು ನಿಲ್ಲುತ್ತಿದ್ದವು. ಕಸ್ತೂರಿ ಸಿಸ್ಟರ ಬಿಳಿ ಚಪ್ಪಲಿ ಮಾತ್ರ ಎಲ್ಲೂ ನಿಂತದ್ದು ನಾನು ಕಾಣೆ. ಬೆಳಿಗ್ಗೆ ಬಂದು ಗೋಡೆಯ ದೇವರ ಪಟಕ್ಕೆ ಕೈಮುಗಿಯುವಾಗಲೂ ಅವು ಅರ್ಧ ತಿರುಗಿಯೇ ಇರುತ್ತಿದ್ದವು.

ಒಮ್ಮೆ ಜಿಲ್ಲೆಯ ರಕ್ತನಿಧಿಯಿಂದ ಉಮಾ ಡಾಕ್ಟರು ಬಂದು ವಾರ್ಡಿನಲ್ಲೇ ತರಬೇತಿ ನಡೆಸಿದರು. "ರಕ್ತ ಅಂದ್ರ ಇನ್ನೊಬ್ಬರ ಮೈಯ ತುಂಡು. ಕಬ್ಬಿಣಾಂಶದ ಔಷಧದಿಂದ ಚೇತರಿಸೋರಿಗೆ ರಕ್ತ ಹಚ್ಚಬ್ಯಾಡ್ರಿ. ಹಚ್ಚೋ ಮುಂದ ಹೆಸರು ನೀವು ಹೇಳಬ್ಯಾಡ್ರಿ, ಅವರ ಬಾಯಿಲೇ ಹೇಳಸ್ರಿ. ಹಚ್ಚಿದ ಮ್ಯಾಲೆ ಹದಿನೈದು ನಿಮಿಷ ಪಕ್ಕ ಬಿಟ್ಟು ಏಳಬ್ಯಾಡ್ರಿ. ಒಬ್ಬರ ರಕ್ತ ಇನ್ನೊಬ್ಬರಿಗೆ ತಪ್ಪಿ ಹೋಗಿದ್ರ ಆ ಹೊತ್ತಿನಾಗ ಮೈ ಹೇಳತೈತಿ," ಎಂದು ನನ್ನನ್ನು ಎಳೆದು ಮಂಚದ ಪಕ್ಕಕ್ಕೆ ಇಟ್ಟು ತೋರಿಸಿದರು.

ಕಸ್ತೂರಿ ಸಿಸ್ಟರು ನಕ್ಕುಬಿಟ್ಟರು. "ಮೇಡಮ್ಮಾರ, ಇಪ್ಪತ್ತೆರಡು ಬಾಣಂತ್ಯಾರಿಗೆ ನಾ ಒಬ್ಬಾಕಿ. ಹದಿನೈದು ನಿಮಿಷ ನಾ ಊಟಕ್ಕ ಕುಂತಿಲ್ಲ."

"ಊಟಕ್ಕ ಬ್ಯಾಡ, ಇದಕ್ಕ ಕುಂಡ್ರು," ಎಂದರು ಉಮಾ ಡಾಕ್ಟರು. ಎಲ್ಲರೂ ನಕ್ಕರು. ನಾನೂ ಅದನ್ನು ತಮಾಷೆಯೆಂದೇ ತಿಳಿದೆ.

ಮರುವರ್ಷ ಶ್ರಾವಣದಲ್ಲಿ ವಾರ್ಡಿಗೆ ಇಬ್ಬರು ದ್ಯಾಮವ್ವರು ಬಂದರು. ನಮ್ಮ ಸೀಮೆಯಲ್ಲಿ ಊರೂರಿಗೆ ದ್ಯಾಮವ್ವನ ಗುಡಿ, ಮನೆಮನೆಗೆ ಆಕೆಯ ಹೆಸರಿನ ಮಗಳು. ಫಕೀರಪ್ಪನ ಹೆಂಡತಿ ದ್ಯಾಮವ್ವ ಕಿಟಕಿಯ ಹತ್ತಿರ. ಹೆರಿಗೆಯಲ್ಲಿ ಬಹಳ ರಕ್ತ ಹೋಗಿತ್ತು. ಹನುಮಪ್ಪನ ಹೆಂಡತಿ ದ್ಯಾಮವ್ವ ನನ್ನ ಪಕ್ಕದ ಮಂಚದಲ್ಲಿ, ಬರೀ ನಿಶ್ಶಕ್ತಿ. ಈಕೆಗೆ ರಕ್ತ ಬೇಡ, ಕಬ್ಬಿಣಾಂಶದ ಡ್ರಿಪ್ ಸಾಕು ಎಂದು ಡಾಕ್ಟರು ಬೆಳಿಗ್ಗೆಯೇ ಹೇಳಿ ಹೋಗಿದ್ದರು.

ಮಧ್ಯಾಹ್ನ ಕಿಟಕಿಯ ದ್ಯಾಮವ್ವನಿಗೆಂದು ರಕ್ತದ ಚೀಲ ಬಂತು. ಕಸ್ತೂರಿ ಸಿಸ್ಟರು ಚೀಲವನ್ನೂ ಕಾಗದವನ್ನೂ ಮೇಜಿನ ಬಳಿಯೇ ತಾಳೆ ನೋಡಿ ಬೇಗಬೇಗ ನನ್ನ ಪಕ್ಕದ ಮಂಚಕ್ಕೆ ನಡೆದು ಬಂದರು. ಒಳಗಿನ ಕೋಣೆಯಲ್ಲಿ ಇನ್ನೊಬ್ಬಳು ಹೆರಿಗೆ ನೋವಿಗೆ ಚೀರುತ್ತಿದ್ದಳು.

"ನಿನ್ನ ಹೆಸರೇನವ್ವಾ?"

"ದ್ಯಾಮವ್ವರೀ."

"ಗಂಡನ ಹೆಸರು?"

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಗಂಡನ ಹೆಸರು ನಾಲಿಗೆಯ ಮೇಲೆ ತಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಅವಳ ತಾಯಿ ಕಲಿಸಿದ್ದಳು.

"ಹೇಳವಾ, ಹೊತ್ತಾತು. ಫಕೀರಪ್ಪ ಹೌದಲ್ಲೋ?"

ಗಂಡನ ಮಾತೆತ್ತಿದ್ದಕ್ಕೇ ನಾಚಿದ್ದ ಅವಳು ತಲೆಯನ್ನು ಇನ್ನಷ್ಟು ಕೆಳಗೆ ಹಾಕಿದಳು. ಸಿಸ್ಟರಿಗೆ ಅದೇ ಹೌದು ಎಂದಂತಾಯಿತು. ರಕ್ತ ಹಚ್ಚಿದರು, ಟ್ರೇಯನ್ನು ನನ್ನ ಮೇಲಿಟ್ಟರು, ಚೀರಾಟದ ಕಡೆಗೆ ಓಡಿದರು. ಆ ದಿನ ನನ್ನ ಮೇಲೆ ಕೂತದ್ದು ಟ್ರೇ.

ಐದು ನಿಮಿಷವಾಗಿರಬೇಕು. "ಯವ್ವಾ, ನಡಾ ಸೀಳಿದಂಗ ಆಗತೈತಿ," ಎಂದು ದ್ಯಾಮವ್ವ ಮೆಲ್ಲಗೆ ಅಂದಳು. ಗಟ್ಟಿಯಾಗಿ ಕೂಗುವ ಹೆಣ್ಣಲ್ಲ ಅವಳು. ನಡುಕ ಹತ್ತಿತು. ಕೈಚಾಚಿ ನನ್ನ ತಗಡಿನ ಅಂಚು ಹಿಡಿದಳು. ಟ್ರೇಯೊಳಗಿನ ಸೂಜಿಗಳೆಲ್ಲ ಗಿಲಿಗಿಲಿ ಅಂದವು. ನನಗೆ ನಾಲ್ಕು ಕಾಲು, ಒಂದೂ ನಡೆಯದು. ಕೂಸನ್ನು ಆಡಿಸುತ್ತ ಬಾಗಿಲಲ್ಲಿ ಕೂತಿದ್ದ ಅತ್ತೆ ಯಲ್ಲವ್ವ ಬಂದು ನೋಡಿ, ಚಳಿಯೆಂದುಕೊಂಡು ಕೌದಿ ಹೊದಿಸಿದಳು. ಕಸ್ತೂರಿ ಸಿಸ್ಟರು ಆ ಹೆರಿಗೆ ಮುಗಿಸಿ ಮರಳಿ ಬಂದಾಗ ಚೀಲ ಬಹುತೇಕ ಬರಿದಾಗಿತ್ತು.

ದ್ಯಾಮವ್ವನನ್ನು ದೊಡ್ಡಾಸ್ಪತ್ರೆಗೆ ಒಯ್ದರು. ಮೂರನೆಯ ದಿನ ತೀರಿಕೊಂಡಳು. ಕಿಟಕಿಯ ದ್ಯಾಮವ್ವನಿಗೆ ಬೇರೆ ಚೀಲ ತರಿಸಿ ಹಚ್ಚಿದರು. ಆಕೆ ಕೂಸಿನೊಂದಿಗೆ ಊರಿಗೆ ಹೋದಳು.

ಯಲ್ಲವ್ವ ಗಂಟುಮೂಟೆ ಒಯ್ಯಲು ವಾರ್ಡಿಗೆ ಬಂದಳು. ಬಯ್ಯಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಕಸ್ತೂರಿ ಸಿಸ್ಟರ ಮುಂದೆ ನಿಂತು, "ನಾ ಅಲ್ಲೇ ಬಾಗಲದಾಗ ಕುಂತಿದ್ನೆಲ್ಲ ಯವ್ವಾ. ನನ್ನ ಕೇಳಿದ್ರ ಹೇಳತಿದ್ದೆ. ನನ್ನ ಮಗನ ಹೆಸರು ಹೇಳಾಕ ನನಗೇನ ನಾಚಿಕಿ?" ಎಂದಳು. ಅಷ್ಟೇ. ಕೂಸನ್ನು ಎತ್ತಿಕೊಂಡು ಹೋದಳು.

"ರೋಗ ಹೆಚ್ಚಾಗಿ ಹ್ವಾದ್ಲು ಅಂತ ಬರದುಬಿಡ್ರಿ ಸಿಸ್ಟರ, ಯಾರ ಕೇಳತಾರ?" ಎಂದು ಆಫೀಸಿನವರೊಬ್ಬರು ಹೇಳಿದರು. ಸಿಸ್ಟರು ದೇವರ ಪಟದ ಕಡೆ ನೋಡಿದರು. ನಡೆದದ್ದನ್ನು ನಡೆದ ಹಾಗೇ ಬರೆದು ಕೊಟ್ಟರು. ಅಮಾನತ್ತಾಗಿ, ಅದು ಮುಗಿದು ತಿರುಗಿ ಕೆಲಸಕ್ಕೆ ಬಂದಾಗ ಉಮಾ ಡಾಕ್ಟರನ್ನು ಕೇಳಿಕೊಂಡದ್ದು ಒಂದೇ: "ಹುಡುಗ್ಯಾರಿಗೆ ಇದನ್ನ ನಾ ಕಲಸತೀನ್ರಿ." ಕಲಿಸುವ ಕೋಣೆಗೆ ನನ್ನನ್ನು ತಾವೇ ಹೊತ್ತು ತಂದರು.

ಹನ್ನೊಂದು ವರ್ಷ ಅದೇ ಪಾಠ. ಪ್ರತಿ ಸಲವೂ ಅವರೇ ದ್ಯಾಮವ್ವನಾಗಿ ಮಂಚದ ಮೇಲೆ ಮಲಗುತ್ತಿದ್ದರು. ಗಂಡನ ಹೆಸರು ಕೇಳಿದಾಗ ಸೆರಗು ಬಾಯಿಗೊತ್ತಿ ತಲೆ ಕೆಳಗೆ ಹಾಕುತ್ತಿದ್ದರು. ಕಲಿಯಲು ಬಂದವರು ಒಬ್ಬರ ಹಿಂದೊಬ್ಬರು ಚೀಲ ಓದಿ, "ಫಕೀರಪ್ಪ ಹೌದಲ್ಲ?" ಎನ್ನುತ್ತಿದ್ದರು.

"ನಾ ಸತ್ತೆ, ತಂಗಿ," ಎನ್ನುತ್ತಿದ್ದರು ಸಿಸ್ಟರು. ಮೊದಲು ನಗು ಏಳುತ್ತಿತ್ತು. ಆಮೇಲೆ ಅವರು ಕಥೆ ಹೇಳುತ್ತಿದ್ದರು. ಯಲ್ಲವ್ವನ ಮಾತನ್ನು ಅವಳು ಆಡಿದ ಹಾಗೇ ಆಡಿ ಮುಗಿಸುತ್ತಿದ್ದರು. ಕೊನೆಗೆ ಒಬ್ಬೊಬ್ಬರನ್ನೂ ನನ್ನ ಮೇಲೆ ಹದಿನೈದು ನಿಮಿಷ ಕೂರಿಸುತ್ತಿದ್ದರು. ಎಷ್ಟೋ ಜನರ ಕಾಲು ಕುಣಿಯುತ್ತಿದ್ದವು.

ನಿವೃತ್ತಿಯ ಹಿಂದಿನ ದಿನ ಕೊನೆಯ ಪಾಠ. ಶಾಹಿದಾ ಎಂಬ ಹೊಸ ನರ್ಸು ಚೀಲ ಹಿಡಿದು ಬಂದಳು. ಹೆಸರು ಕೇಳಿದಳು, ಗಂಡನ ಹೆಸರು ಕೇಳಿದಳು. ಸಿಸ್ಟರು ತಲೆ ಕೆಳಗೆ ಹಾಕಿದರು. ಶಾಹಿದಾ ಚೀಲ ಓದಲಿಲ್ಲ. ನನ್ನ ಮೇಲೆ ಕೂತಳು, ಸ್ವಲ್ಪ ಹೊತ್ತು ಕಾದಳು.

"ಬ್ಯಾಡ ಬಿಡಬೇ, ನೀ ಹೇಳಬ್ಯಾಡ. ನಮ್ಮಮ್ಮಾನೂ ಹೇಳಂಗಿಲ್ಲ. ನಿನ್ನ ಜೋಡಿ ಯಾರ ಬಂದಾರ? ಅವರನ್ನ ಕೇಳತೀನಿ."

ಸಿಸ್ಟರು ತಲೆ ಎತ್ತಿ ಅವಳನ್ನು ನೋಡಿದರು. ಹನ್ನೊಂದು ವರ್ಷದಲ್ಲಿ ಈ ಪ್ರಶ್ನೆಗೆ ಉತ್ತರ ಕೊಡುವ ಪ್ರಸಂಗವೇ ಅವರಿಗೆ ಬಂದಿರಲಿಲ್ಲ.

"ಅತ್ತಿ ಬಂದಾಳ," ಎಂದರು. "ಅಲ್ಲೇ ಬಾಗಲದಾಗ ಕುಂತಾಳ ನೋಡು."

ಎಲ್ಲರೂ ಬಾಗಿಲ ಕಡೆ ತಿರುಗಿದರು. ಅಲ್ಲಿ ಯಾರೂ ಇರಲಿಲ್ಲ.

ಎಲ್ಲರೂ ಹೋದ ಮೇಲೆ ಕಸ್ತೂರಿ ಸಿಸ್ಟರು ಮಂಚದಿಂದಿಳಿದು ನನ್ನ ಮೇಲೆ ಕೂತರು. ಇಷ್ಟು ವರ್ಷದಲ್ಲಿ ಅದೇ ಮೊದಲು. ಬಿಳಿ ಚಪ್ಪಲಿ ನನ್ನ ಕಾಲುಗಳ ನಡುವೆ ಅಲುಗಾಡದೆ ನಿಂತವು. ಬರಿದಾದ ಮಂಚವನ್ನು ನೋಡುತ್ತ, ಗೋಡೆಯ ಗಡಿಯಾರದ ಹದಿನೈದು ನಿಮಿಷ ಪೂರ್ತಿ ಕೂತರು. ಮೌಲಾಸಾಬರ ಮಾತಿನಂತೆ ಎಷ್ಟೋ ಜನರನ್ನು ಹೊತ್ತಿದ್ದೇನೆ. ಅಂಥ ಭಾರ ಹೊತ್ತಿರಲಿಲ್ಲ.

ಈಗ ಒಂದು ಕಾಲು ತುಕ್ಕು ತಿಂದು, ಮುರುಕು ಸಾಮಾನಿನ ಕೋಣೆಯ ಮೂಲೆಯಲ್ಲಿ ಗೋಡೆಗೊರಗಿ ನಿಂತಿದ್ದೇನೆ. ಗೋಡೆಯಾಚೆ ವಾರ್ಡು. "ನಿನ್ನ ಹೆಸರೇನವ್ವಾ?" ಎಂಬುದು ದಿನವೂ ಕೇಳಿಸುತ್ತದೆ. ಅದಾದ ಮೇಲೆ ಸ್ಟೂಲು ಎಳೆಯುವ ಸದ್ದಿಗಾಗಿ ಕಾಯುತ್ತೇನೆ. ಕೆಲವು ದಿನ ಕೇಳಿಸುತ್ತದೆ. ಕೆಲವು ದಿನ ಓಡಿಹೋಗುವ ಚಪ್ಪಲಿಯ ಸದ್ದು.