ಒದ್ದೆ ಸೀರೆ

"ಲೇ ಲೌಡಿ, ನಿನ್ ಗಂಡನ ಲಂಗ್ಸಿಗೆ ನನ್ ಟ್ಯಾಂಕರ್ ನೀರು ಹುಯ್ಬೇಕೇನೆ? ನನ್ ದಾಳಿಂಬ್ರೆ ಗಿಡ ಒಣಗಿದ್ರೆ ನಿಮ್ಮಪ್ಪ ಬರ್ತಾನಾ?"

ದುರುಗಕ್ಕ ಕ್ರಷರ್ ಆಫೀಸಿನ ಮೆಟ್ಟಿಲ ಕೆಳಗೆ ನಿಂತಿದ್ದಳು. ಮೇಲೆ ಕುರ್ಚಿಯಲ್ಲಿ ಮಾಲೀಕ ಶಿವಕುಮಾರಪ್ಪ ಹಲ್ಲಿಗೆ ಕಡ್ಡಿ ಹಾಕುತ್ತಿದ್ದ. ಅಂಗಳದ ಟ್ಯಾಂಕರಿನ ಮೇಲೆ 'ಧೂಳು ನಿಯಂತ್ರಣಕ್ಕೆ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅಧಿಕಾರಿಗಳು ಬಂದ ದಿನ ಬಿಟ್ಟರೆ ಅದು ರಸ್ತೆಗೆ ನೀರು ಬಿಟ್ಟಿದ್ದನ್ನು ಯಾರೂ ಕಂಡಿರಲಿಲ್ಲ.

"ದಿನಕ್ಕೆ ಎಲ್ಡು ಸಲ ಸಾಕು ಸಾವ್ಕಾರ್ರೆ. ನಮ್ಮನೆ ಮುಂದ್ಲ ರಸ್ತೆಗೆ ಮಾತ್ರ. ಹದಿನಾಕು ವರ್ಷ ನಿಮ್ ಮಿಷನ್ ಬಾಯಿಗೆ ಕಲ್ಲು ಹಾಕ್ಯಾನೆ ಅವ್ನು."

"ಬೀಡಿ ಸೇದಿ ಎದೆ ಸುಟ್ಕಂಡು ನನ್ ಧೂಳಿನ ಮ್ಯಾಲೆ ಹೇಳ್ತೀಯಾ? ನಡಿ ಆಚೆ!"

ಅವಳ ಗಂಡ ಮೂರ್ತಪ್ಪ ಬೀಡಿ ಮುಟ್ಟಿದವನಲ್ಲ. ಕಲ್ಲಿನ ಧೂಳು ಕೂತು ಕೂತು ಅವನ ಶ್ವಾಸಕೋಶಗಳು ಗಟ್ಟಿಯಾಗಿದ್ದವು. ಯಾವುದೋ ಟ್ರಸ್ಟಿನವರ ಪುಣ್ಯದಿಂದ, ಬೆಂಗಳೂರಿನಲ್ಲಿ ಅವನ್ನು ತೆಗೆದು, ಅಪಘಾತದಲ್ಲಿ ತೀರಿಕೊಂಡ ಹೆಣ್ಣುಮಗಳೊಬ್ಬಳ ಶ್ವಾಸಕೋಶ ಹಾಕಿದ್ದರು. ಅವಳ ಹೆಸರು ಹೇಳಲಿಲ್ಲ. ಊರಿಗೆ ಕಳಿಸುವಾಗ ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ.

"ಎಷ್ಟೇ ಜೋಪಾನ ಮಾಡಿದ್ರೂ ಐದಾರು ವರ್ಷ ದಾಟೋರು ಅರ್ಧ ಜನ. ಮೈ ಅದನ್ನ ತನ್ನದಲ್ಲ ಅಂತ ತಳ್ಳುತ್ತೆ. ಅದಕ್ಕೆ ಮಾತ್ರೆ ಇದೆ. ಧೂಳು ಮಾತ್ರ ನಿಮ್ಮ ಕೈಲಿದೆಯಮ್ಮ."

ದುರುಗಕ್ಕನ ಕೈಲಿದ್ದದ್ದು ಒಂದು ಹಳೇ ಸೀರೆ. ದಿನಾ ಬೆಳಿಗ್ಗೆ ಅದನ್ನು ನೆನೆಸಿ ಬಾಗಿಲಿಗೆ ಕಟ್ಟುವಳು. ಟಿಪ್ಪರುಗಳು ಎಬ್ಬಿಸಿದ ಧೂಳು ಅದಕ್ಕೆ ಅಂಟುವುದು. ಸಂಜೆ ಜಾಲಾಡಿದರೆ ಬಕೆಟ್ಟಿನ ತುಂಬ ಅಕ್ಕಿ ತೊಳೆದಂಥ ನೀರು, ತಳದಲ್ಲಿ ಒಂದು ಹಿಡಿ ಕೆಸರು. ಇಷ್ಟು ಅವನೊಳಗೆ ಹೋಗಲಿಲ್ಲವಲ್ಲ ಎಂದು ಅವಳಿಗೆ ಸಮಾಧಾನ.

ಮೂರ್ತಪ್ಪ ಆಸ್ಪತ್ರೆಯವರು ಕೊಟ್ಟ ಉಸಿರಳೆಯುವ ಮೀಟರನ್ನು ಊದಿ ಎದೆ ತಟ್ಟಿಕೊಳ್ಳುವನು. "ನಿನ್ ಸವತಿ ಇವತ್ತು ಹುರುಪಾಗವಳೆ ಕಣೆ."

"ಸವತಿ ಅಲ್ಲ, ನನ್ ತಂಗಿ. ಅವ್ಳ ತಂಟೆಗೆ ಹೋಗ್ಬ್ಯಾಡ ನೀನು, ಸುಮ್ಕೆ ಊದು."

ಮೀಟರಿನ ಅಂಕಿಯನ್ನು ಅವಳು ಇದ್ದಿಲಿನಿಂದ ಗೋಡೆಗೆ ಬರೆಯುತ್ತಿದ್ದಳು. ಎರಡೂವರೆ ಇದ್ದದ್ದು ಎರಡಾಯಿತು. ಕ್ರಷರಿಗೆ ಇನ್ನೊಂದು ಮಿಷನ್ ಬಂದ ಮೇಲೆ ಒಂದೂವರೆ. ಆ ದಿನವೇ ಅವಳು ಸಾವ್ಕಾರನ ಮೆಟ್ಟಿಲ ಬಳಿಗೆ ಹೋಗಿ ಉಗಿಸಿಕೊಂಡು ಬಂದದ್ದು. ಆಮೇಲೆ ಎರಡನೇ ಸೀರೆಯನ್ನು ಕಿಟಕಿಗೂ ಕಟ್ಟಿದಳು. ಅಂಕಿ ಒಂದಕ್ಕಿಳಿಯಿತು. ಬೆಂಗಳೂರಿನ ಡಾಕ್ಟರು ಈ ಸಲ ಮಾತ್ರೆ ಬದಲಿಸಲಿಲ್ಲ, ಮನೆಗೆ ಕರಕೊಂಡು ಹೋಗಿ ಅಂದರು.

"ತಂಗಿಗೆ ಉಸ್ರು ಕಟ್ತೈತೆ ದುರುಗಿ," ಗೋಡೆಗೆ ಒರಗಿದ್ದ ಮೂರ್ತಪ್ಪ ಒಂದೊಂದೇ ಮಾತನ್ನು ಎಳೆದು ತಂದ. "ಯಾರ್ದೋ ಮನೆ ಮಗ್ಳು. ನಂಬಿ ಕೊಟ್ಟಿದ್ರು. ಎಲ್ಡು ವರ್ಷಕ್ಕೇ ಅವ್ಳನ್ನ ಇನ್ನೊಂದ್ಸಲ ಸಾಯುಸ್ತಾ ಅದೀನಿ ನಾನು."

ತನಗಾಗಿ ಅವನು ಅಳಲಿಲ್ಲ. ಮೂರನೆಯ ದಿನ ಹೋದ.

ಮನೆ ಮಗ್ಗುಲಿಗೆ, ರಸ್ತೆ ಬದಿಯಲ್ಲೇ ಮಣ್ಣು ಮಾಡಿದರು. ಶಿವಕುಮಾರಪ್ಪ ಕಾರಿಂದ ಇಳಿಯಲಿಲ್ಲ. ಗಾಜು ಇಳಿಸಿದ.

"ಅಳಬ್ಯಾಡ ಬಿಡು. ಎರಡೊರ್ಷ ಬೋನಸ್ ಬದುಕ್ದ."

ಗಾಜು ಏರಿತು.

ಮಾರನೆಯ ಬೆಳಿಗ್ಗೆ ಅವಳ ಕೈ ತಾನಾಗಿಯೇ ಸೀರೆ ನೆನೆಸಿತು. ಬಾಗಿಲಿಗೆ ಒಂದು ತುದಿ ಕಟ್ಟಿ ಒಳಗೆ ನೋಡಿದಳು. ಚಾಪೆ ಸುತ್ತಿಟ್ಟಿತ್ತು. ಹೊರಗೆ, ಸಮಾಧಿ ಗುಡ್ಡೆಯ ಮೇಲಿನ ಚೆಂಡುಹೂಗಳು ಇನ್ನೂ ಬಾಡಿರಲಿಲ್ಲ, ಧೂಳು ಕೂತು ಆಗಲೇ ಬೆಳ್ಳಗಾಗಿದ್ದವು.

ಸೀರೆ ಬಿಚ್ಚಿಕೊಂಡು, ನೀರಿನ ಬಕೆಟ್ಟು ಹಿಡಿದು ರಸ್ತೆಗೆ ನಡೆದಳು. ಒಂದು ತುದಿ ಕರೆಂಟು ಕಂಬಕ್ಕೆ, ಇನ್ನೊಂದು ಎದುರಿನ ಜಾಲಿ ಮರಕ್ಕೆ. ಗಂಟು ಬಿಗಿಯಾಗಿದೆಯೇ ಎಂದು ಎಳೆದು ನೋಡಿದಳು.

ಮೊದಲ ಟಿಪ್ಪರು ಕಿರುಗುಟ್ಟಿ ನಿಂತಿತು. ಡ್ರೈವರ್ ಸುದೀಪ್ ಹಾರ್ನ್ ಒತ್ತಿ, ತಲೆ ಹೊರಗೆ ಹಾಕಿದ.

"ಬಿಚ್ಚಕ್ಕೋ! ಸಾವ್ಕಾರ್ರು ಇಬ್ರುನ್ನೂ ಸಿಗಿದಾಕ್ತಾರೆ!"

ದುರುಗಕ್ಕ ಗುಡ್ಡೆಯ ಕಡೆ ಕೈ ತೋರಿಸಿದಳು.

"ಕೂಗಬ್ಯಾಡ ಕಣಪ್ಪ. ಅಲ್ಲಿ ಇಬ್ರು ಮಲಗವ್ರೆ. ಇನ್ನು ಧೂಳು ಕುಡಿಯಾಕೆ ಅವ್ರ ಕೈಲಿ ಆಗಲ್ಲ."

ಸುದೀಪ್ ಹಾರ್ನಿನಿಂದ ಕೈ ತೆಗೆದ. ಸ್ವಲ್ಪ ಹೊತ್ತಿಗೆ ಇಂಜಿನ್ನೂ ನಿಂತಿತು. ಹಿಂದೆ ನಾಲ್ಕು ಟಿಪ್ಪರುಗಳು ಅರಚುತ್ತಿದ್ದವು, ಅವುಗಳ ಹಿಂದೆ ಶಿವಕುಮಾರಪ್ಪನ ಕಾರು. ಸೀರೆಯಿಂದ ಬಿಳಿ ನೀರು ತೊಟ್ಟಿಕ್ಕುತ್ತಿತ್ತು. ಕಾರಿನ ಬಾಗಿಲು ತೆಗೆದ ಸದ್ದು ಕೇಳಿಸಿತು. ದುರುಗಕ್ಕ ಸೀರೆಯ ಮೇಲಂಚು ಒಣಗುತ್ತಿರುವುದನ್ನು ಕಂಡು ಬಕೆಟ್ಟಿನ ನೀರಿಗೆ ಕೈ ಹಾಕಿದಳು.